ಬಣ್ಣದ ಬಕೆಟ್ಟಿನಲ್ಲಿ ಅಳೆದ ಅಕ್ಕಿ: ಮಲೆನಾಡಿನ ಒಂದು ಊರಿನ ಪ್ರಕರಣ

ಮೊದಲು ಆ ಬಕೆಟ್ಟಿನ ವಿಷಯ ಹೇಳಿಬಿಡುತ್ತೇನೆ. ಗೋಡೆಗೆ ಹೊಡೆಯುವ ಬಣ್ಣ ಬರುತ್ತಲ್ವಾ, ಆ ಥರದ ಬಿಳಿ ಪ್ಲಾಸ್ಟಿಕ್ ಬಕೆಟ್ಟು. ಮೇಲಿನ ಅಂಚನ್ನು ಗರಗಸದಲ್ಲಿ ಕೊಯ್ದು ಗಿಡ್ಡ ಮಾಡಿದ್ದರು. ತಳದಲ್ಲಿ ಹಳದಿ ಬಣ್ಣದ ಕಲೆ ಇನ್ನೂ ಅಂಟಿಕೊಂಡಿತ್ತು. ಊರಿನ ನ್ಯಾಯಬೆಲೆ ಅಂಗಡಿಯಲ್ಲಿ, ಅಲ್ಲಿಯವರ ಮಾತಿನಲ್ಲಿ ಸೊಸೈಟಿಯಲ್ಲಿ, ಆ ಬಕೆಟ್ಟಿಗೆ ಅಕ್ಕಿ ತುಂಬಿ, ಅಂಗೈಯಲ್ಲಿ ಸವರಿ, ಚೀಲಕ್ಕೆ ಸುರಿದರೆ 5 ಕೆಜಿ ಅಂತ ಲೆಕ್ಕ. ನಾಲ್ಕು ಜನರ ಮನೆಗೆ ನಾಲ್ಕು ಬಕೆಟ್ಟು. ಎಲೆಕ್ಟ್ರಾನಿಕ್ ತಕ್ಕಡಿ ಪಕ್ಕದಲ್ಲೇ ಇತ್ತು. ಅದರ ಮೇಲೆ ಗೋಣಿಚೀಲ ಹೊದಿಸಿತ್ತು. ಕೇಳಿದರೆ "ಕೆಟ್ಟಿದೆ" ಅನ್ನುತ್ತಿದ್ದರು.

ಆ ಬಕೆಟ್ಟಿಗೆ ಹಿಡಿಯುತ್ತಿದ್ದದ್ದು 4 ಕೆಜಿ 450 ಗ್ರಾಂ.

ನಾನು ಪಂಚಾಯಿತಿ ಸದಸ್ಯರಿಗೆ, ಸ್ತ್ರೀಶಕ್ತಿ ಸಂಘದವರಿಗೆ ತರಬೇತಿ ಕೊಡುವ ಕೆಲಸದಲ್ಲಿದ್ದೇನೆ. ಕೆಲವು ವರ್ಷಗಳ ಹಿಂದೆ ಈ ಊರಿನವರ ಜೊತೆ ಸುಮಾರು ಒಂದು ವರ್ಷ ಓಡಾಡಿದೆ. ಪ್ರಜಾಪ್ರಭುತ್ವದಲ್ಲಿ ನಾಗರಿಕ ಹಕ್ಕು, ಜನರ ಪ್ರತಿರೋಧ ಅಂತೆಲ್ಲ ತರಬೇತಿಯಲ್ಲಿ ಬಾಯಿಪಾಠ ಹೇಳುತ್ತಿದ್ದವನಿಗೆ ಆ ಮಾತುಗಳ ಬೇರು ಎಷ್ಟು ಹತ್ತಿರದಲ್ಲಿದೆ ಅಂತ ಅಲ್ಲೇ ಗೊತ್ತಾಗಿದ್ದು. ಬೇರೆ ಊರಿನವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ. ಊರಿನ ಹೆಸರು, ಜನರ ಹೆಸರು ಹೇಳುವುದಿಲ್ಲ. ಕೆಲವು ಗುರುತುಗಳನ್ನು ಬದಲಿಸಿದ್ದೇನೆ. ಸಾಗರ, ಸೊರಬ, ಹೊಸನಗರ, ಶಿಕಾರಿಪುರ ಇವುಗಳ ನಡುವೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ, ಅಷ್ಟು ಸಾಕು.

ಊರಿಗೆ ಇದ್ದ ನೆನಪು

ಸುಮಾರು 280 ರೇಷನ್ ಕಾರ್ಡಿನ ಊರು. ಎರಡು ಎಕರೆ, ಮೂರು ಎಕರೆಯ ಗದ್ದೆ, ಮನೆ ಹಿಂದೆ ಒಂದಿಷ್ಟು ಅಡಿಕೆ. ಆ ಜಮೀನು ಹೆಚ್ಚಿನವರಿಗೆ ಬಂದದ್ದು ಡಿಕ್ಲರೇಷನ್ನಿನಲ್ಲಿ. ಮಲೆನಾಡಿನವರಿಗೆ ಈ ಪದ ವಿವರಿಸಬೇಕಾಗಿಲ್ಲ. ಉಳಿದವರಿಗೆ ಹೇಳುವುದಾದರೆ, ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣೆ ಕಾನೂನಿಗೆ ತಿದ್ದುಪಡಿ ಬಂತು. ಗೇಣಿದಾರರು ಫಾರಂ ನಂಬರ್ 7 ಬರೆದುಕೊಟ್ಟು, ಭೂನ್ಯಾಯ ಮಂಡಳಿ ಮುಂದೆ ನಿಂತು, ತಾವು ಉಳುತ್ತಿದ್ದ ಭೂಮಿಗೆ ಒಡೆಯರಾದರು.

ಆದರೆ ಕಾನೂನು ಅಷ್ಟು ಹೊತ್ತಿಗೆ ತಾನಾಗಿ ಬಂದದ್ದಲ್ಲ. ಅದಕ್ಕೂ 23 ವರ್ಷ ಮೊದಲು, 1951ರಲ್ಲಿ, ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿದಾರರು ನೇಗಿಲು ಹೊತ್ತು ಗದ್ದೆಗೆ ಇಳಿದಿದ್ದರು. ಜಗಳ ಹುಟ್ಟಿದ್ದು ಕೊಳಗದಿಂದ. ಗೇಣಿ ಭತ್ತ ಅಳೆಯಲು ಧಣಿಗಳ ಮನೆಯಲ್ಲಿ ಇಡುತ್ತಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಸರಿಯಾದ ಕೊಳಗದಲ್ಲಿ ಅಳೆದುಕೊಳ್ಳಿ ಅಂತ ಒಕ್ಕಲು ಕೇಳಿದರು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತ ಸಂಘ ಅವರ ಬೆನ್ನಿಗೆ ನಿಂತಿತು. ಒಕ್ಕಲಿನ ಕೈಯಿಂದ ಭೂಮಿ ಬಿಡಿಸಿದಾಗ ಸತ್ಯಾಗ್ರಹ ಶುರುವಾಯಿತು. ತಂಡ ತಂಡವಾಗಿ ಗದ್ದೆಗೆ ಇಳಿದು ಪೊಲೀಸರಿಗೆ ಸೆರೆ ಸಿಕ್ಕರು. ಸಮಾಜವಾದಿ ಪಕ್ಷದವರು ಬಂದರು, ಶಾಂತವೇರಿ ಗೋಪಾಲಗೌಡರು ಬಂದರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮುಂದಿನ ವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ಸಾಗರ-ಹೊಸನಗರದಿಂದ ಗೆದ್ದು ವಿಧಾನಸಭೆಗೆ ಹೋದರು. ಸತ್ಯಾಗ್ರಹದ ಹೊತ್ತಿಗೆ ಸಂವಿಧಾನ ಜಾರಿಗೆ ಬಂದು ಇನ್ನೂ ವರ್ಷ ಒಂದೂವರೆ ಅಷ್ಟೇ. ಓಟಿನ ಹಕ್ಕು ಕೈಗೆ ಬಂದಿತ್ತು, ಕೊಳಗ ಮಾತ್ರ ಹಳೆಯದೇ ಇತ್ತು.

ಈ ಪ್ರಕರಣದಲ್ಲಿ ಒಬ್ಬರು ಅಜ್ಜ ಬರುತ್ತಾರೆ. ಅವರಿಗೆ ಆಗ ಹತ್ತು ಹನ್ನೊಂದು ವಯಸ್ಸು. ಅವರ ಅಪ್ಪ ಗದ್ದೆಗೆ ಇಳಿದವರಲ್ಲಿ ಒಬ್ಬರು.

ಇದೇ ಸೀಮೆಯಲ್ಲಿ ಇನ್ನೂ ಹಿಂದಕ್ಕೆ ಹೋದರೆ 1830ರ ನಗರ ದಂಗೆ ಸಿಗುತ್ತದೆ. ಕಂದಾಯದ ಹೊರೆ ತಾಳಲಾರದೆ ರೈತರು ಕೂಟ ಸೇರಿದರು, ಕೊಡುವುದಿಲ್ಲ ಅಂದರು. ಅದು ಎಷ್ಟು ದೊಡ್ಡದಾಯಿತು ಅಂದರೆ, ಅದನ್ನೇ ಕಾರಣ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನೇ ಕೈಗೆ ತೆಗೆದುಕೊಂಡರು. ಅರಸರಿಗೆ ವಾಪಸ್ ಸಿಕ್ಕಿದ್ದು 1881ರಲ್ಲಿ. ಓಟು ಇಲ್ಲದ, ಸಂವಿಧಾನ ಇಲ್ಲದ ಕಾಲದಲ್ಲಿ ರೈತರ ಕೈಯಲ್ಲಿದ್ದದ್ದು ಎರಡೇ. ಒಟ್ಟಿಗೆ ಸೇರುವುದು, ಕೊಡುವುದಿಲ್ಲ ಅನ್ನುವುದು. ಆ ಎರಡೂ ಈವತ್ತಿಗೂ ಬಿಟ್ಟುಹೋಗಿಲ್ಲ.

ತೊಂದರೆ ಗೊತ್ತಾದ ಬಗೆ

ಊರಿನ ಒಬ್ಬ ಸೊಸೆ ಅಡಿಕೆ ಮಂಡಿಯೊಂದರಲ್ಲಿ ತೂಕ ಬರೆಯುವ ಕೆಲಸ ಮಾಡುತ್ತಿದ್ದರು. ಅವರನ್ನು ಇಲ್ಲಿ ಅಕ್ಕ ಅನ್ನುತ್ತೇನೆ. ದಿನವಿಡೀ ಚೀಲ ಎತ್ತಿ ಇಡಿಸುವ ಕೈಗೆ ತೂಕ ಸುಳ್ಳು ಹೇಳುವುದಿಲ್ಲ. ಒಂದು ತಿಂಗಳು ಸೊಸೈಟಿಯಿಂದ ಅಕ್ಕಿ ತಂದು ಕೆಳಗಿಟ್ಟಾಗ ಇದು 20 ಕೆಜಿ ಇಲ್ಲ ಅನ್ನಿಸಿತು. ಮನೆಯಲ್ಲಿ ಅಡಿಕೆ ತೂಗುವ ತಕ್ಕಡಿಗೆ ಹಾಕಿದರು. 17 ಕೆಜಿ 800. ಅತ್ತೆ ಪಕ್ಕದ ಮನೆಯ ಚೀಲವನ್ನೂ ತರಿಸಿದರು. ಅದರಲ್ಲೂ ಅಷ್ಟೇ ಕಡಿಮೆ.

ಅಕ್ಕನ ಮಗಳು ಪಿಯುಸಿ ಓದುತ್ತಿದ್ದಳು. ಅವಳು ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಲೆಕ್ಕ ಹಾಕಿದಳು. ಅಂತ್ಯೋದಯ ಕಾರ್ಡು ಬಿಟ್ಟು ಊರಿನಲ್ಲಿ ಸುಮಾರು 1,050 ತಲೆ. ತಲೆಗೆ 550 ಗ್ರಾಂ ಕಡಿಮೆ ಅಂದರೆ ತಿಂಗಳಿಗೆ ಐದೂಮುಕ್ಕಾಲು ಕ್ವಿಂಟಾಲ್. 50 ಕೆಜಿಯ ಮೂಟೆ ಲೆಕ್ಕದಲ್ಲಿ 11 ಮೂಟೆಗೂ ಜಾಸ್ತಿ.

ಅಲ್ಲಿಗೆ ಊರೇ ಎದ್ದು ನಿಂತಿತು ಅಂದುಕೊಂಡರೆ ತಪ್ಪು. ಅಕ್ಕ ಹತ್ತಾರು ಮನೆಗೆ ಹೇಳಿದರು. ಎಲ್ಲರಿಗೂ ಮೊದಲೇ ಗೊತ್ತಿತ್ತು! ಗೊತ್ತಿದ್ದೂ ಸುಮ್ಮನಿದ್ದದ್ದಕ್ಕೆ ಒಂದೊಂದು ಮನೆಗೆ ಒಂದೊಂದು ಕಾರಣ. ಅಂಗಡಿಯವರು ಊರಿನವರೇ, ಅರ್ಧ ಊರಿಗೆ ನೆಂಟರು. ಕಷ್ಟಕ್ಕೆ ಕೈಸಾಲ ಕೊಡುತ್ತಾರೆ. ಎದುರು ಮಾತಾಡಿದರೆ ಕಾರ್ಡು ರದ್ದು ಮಾಡಿಸುತ್ತಾರೆ ಅನ್ನುವ ಭಯ ಬೇರೆ. ಆದರೆ ನಾನು ಎಲ್ಲಕ್ಕಿಂತ ಜಾಸ್ತಿ ಸಲ ಕೇಳಿದ ಮಾತು, "ಪುಕ್ಕಟೆ ಕೊಡೋ ಅಕ್ಕಿಗೆ ಎಂತ ತಕರಾರು ಮಾರಾಯ್ರೇ?"

ಈ ಮಾತಿನ ಹತ್ತಿರ ಸ್ವಲ್ಪ ನಿಲ್ಲಬೇಕು. ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇರುವುದು ಇಲ್ಲೇ. 2013ರಲ್ಲಿ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಬಂತು. ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ. ಇದು ಕಾನೂನು ಕೊಟ್ಟ ಹಕ್ಕು, ಅಂಗಡಿಯವರ ದಯೆಯಿಂದ ಬಂದದ್ದಲ್ಲ. ಆದರೆ ಅದನ್ನು ದಾನ ಅಂತ ನಂಬಿಸಿಬಿಟ್ಟರೆ ಅಳತೆ ಕೇಳುವ ಬಾಯಿ ತಾನಾಗಿ ಮುಚ್ಚುತ್ತದೆ. ಕೈ ಒಡ್ಡಿದವನು ತಕ್ಕಡಿ ಕೇಳುವುದಿಲ್ಲ ಅಲ್ವಾ? ಹಿಂದೆ ಗೇಣಿದಾರರಿಗೂ ಹಾಗೇ ಹೇಳಿದ್ದರು, ಧಣಿ ಭೂಮಿ ಕೊಟ್ಟಿದ್ದಕ್ಕೆ ನೀನು ಉಣ್ಣುತ್ತಿದ್ದೀಯ, ಅವರ ಕೊಳಗದ ಬಗ್ಗೆ ಮಾತಾಡುತ್ತೀಯಾ ಅಂತ.

ಅಜ್ಜ ಆ ಬಕೆಟ್ಟನ್ನು ನೋಡಿದ್ದು ನಾನು ಅಲ್ಲಿದ್ದಾಗಲೇ. ಮೊಮ್ಮಗನ ಜೊತೆ ಸೊಸೈಟಿಗೆ ಬಂದಿದ್ದರು. ಬಕೆಟ್ಟನ್ನು ಕೈಗೆ ತೆಗೆದುಕೊಂಡು, ಕೊಯ್ದ ಅಂಚಿನ ಮೇಲೆ ಹೆಬ್ಬೆರಳು ಆಡಿಸಿ, ಒಳಗೆ ಬಗ್ಗಿ ನೋಡಿದರು. "ಕೊಳಗ ಮತ್ತೆ ಬಂತಲ್ಲ ತಮ್ಮಾ" ಅಂದರು. ಆಮೇಲೆ, "ಆಗ ನಾವು ಕೊಡೋರು, ಹಂಗಾಗಿ ಅದು ದೊಡ್ಡದಿತ್ತು. ಈಗ ತಗಳೋರು, ಸಣ್ಣದಾಗಿದೆ" ಅಂತ ಸೇರಿಸಿದರು. ನಾನು ಎಷ್ಟೋ ತರಬೇತಿಯಲ್ಲಿ ಎರಡು ಗಂಟೆ ಮಾತಾಡಿದರೂ ಇಷ್ಟನ್ನು ಹೇಳಲು ಆಗಿರಲಿಲ್ಲ.

ಮೊದಲು ಮಾಡಿದ್ದು, ಕೈಕೊಟ್ಟಿದ್ದು

ಮೊದಲು ಅಕ್ಕ ಒಬ್ಬರೇ ಹೋಗಿ ಕೇಳಿದರು. ಅಂಗಡಿಯವರು ಜಗಳ ಆಡಲಿಲ್ಲ. ತಕ್ಕಡಿ ಮೇಲಿನ ಗೋಣಿ ತೆಗೆದರು, ಸ್ವಿಚ್ ಹಾಕಿದರು, ಸರಿಯಾಗಿ 20 ಕೆಜಿ ತೂಗಿ ಕೊಟ್ಟರು. "ನಿಂಗೆ ಹಿಂಗೇ ಕೊಡ್ತೀನಿ ತಂಗಿ, ಊರಿಗೆಲ್ಲ ಹೇಳ್ಬೇಡ" ಅಂದರು. ಅಕ್ಕ ತಗೊಂಡು ಬಂದರು. ಮುಂದಿನ ತಿಂಗಳೂ ತಗೊಂಡರು.

ಇದನ್ನು ಅಕ್ಕನೇ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಹೇಳಿಕೊಂಡರು. ಅವರು ಹೇಳಿದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ. "ಎರಡು ತಿಂಗಳು ಪೂರ್ತಿ ತೂಕದ ಅನ್ನ ಉಂಡೆ. ಪಕ್ಕದ ಮನೆ ಚಿಕ್ಕಮ್ಮ ಬಕೆಟ್ಟಿನ ಅಕ್ಕಿ ಹೊತ್ಕೊಂಡು ನಮ್ಮ ಬಾಗಿಲ ಮುಂದೆ ಹೋಗೋವಾಗ ಒಳಗೆ ಹೋಗಿಬಿಡ್ತಿದ್ದೆ" ಅಂದರು. ಆ ಸಭೆಯಲ್ಲಿ ಇನ್ನೂ ಮೂರು ಹೆಂಗಸರು ಬಾಯಿಬಿಟ್ಟರು. ಅವರಿಗೂ ಅಂಗಡಿಯಲ್ಲಿ ಪೂರ್ತಿ ತೂಕ ಸಿಗುತ್ತಿತ್ತು. ಕೇಳಿದವರಿಗೆ ಮಾತ್ರ ನ್ಯಾಯ ಕೊಟ್ಟು ಉಳಿದವರಿಂದ ಅವರನ್ನು ಬೇರೆ ಮಾಡುವ ಉಪಾಯ ಅದು. ಇನ್ನು ಮುಂದೆ ಯಾರೂ ಒಬ್ಬರೇ ಹೋಗಿ ಕೇಳಬಾರದು, ಎಲ್ಲರಿಗೂ ಸಿಗುವವರೆಗೆ ತಾವೂ ಬಕೆಟ್ಟಿನಲ್ಲೇ ತಗೊಳ್ಳಬೇಕು ಅಂತ ಆ ನಾಲ್ಕು ಜನ ತೀರ್ಮಾನ ಮಾಡಿದರು. ಮನೆಗೆ ತಿಂಗಳಿಗೆ ಎರಡು ಕೆಜಿ ಅಕ್ಕಿ ಬಿಟ್ಟುಕೊಡುವ ತೀರ್ಮಾನ. ಬಡವರ ಮನೆಯಲ್ಲಿ ಅದು ಸಣ್ಣದಲ್ಲ. ನನಗೆ ಇಡೀ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡದು ಅನ್ನಿಸಿದ್ದು ಇದೇ.

ಎರಡನೆಯದು ಮನವಿ. 40 ಸಹಿ ಹಾಕಿ ತಾಲೂಕಿನ ಕಚೇರಿಗೆ ಕೊಟ್ಟರು. ಮೂರು ವಾರದ ಮೇಲೆ ಅಧಿಕಾರಿ ಬಂದರು. ಬರುವ ವಿಷಯ ಅಂಗಡಿಗೆ ಹಿಂದಿನ ದಿನವೇ ಗೊತ್ತಿತ್ತು. ಅವತ್ತು ತಕ್ಕಡಿ ಚೆನ್ನಾಗಿ ಕೆಲಸ ಮಾಡಿತು, ಬಕೆಟ್ಟು ಎಲ್ಲೂ ಕಾಣಲಿಲ್ಲ, ದೂರಿನಲ್ಲಿ ಹುರುಳಿಲ್ಲ ಅಂತ ವರದಿ ಆಯಿತು. ಅದಕ್ಕಿಂತ ಕೆಟ್ಟದ್ದು ಅಂದರೆ ಸಹಿ ಹಾಕಿದವರ ಪಟ್ಟಿ ಅಂಗಡಿಯವರ ಕೈಗೆ ಸಿಕ್ಕಿತ್ತು. ಮುಂದಿನ ತಿಂಗಳು ಆ 40 ಮನೆಯವರು ಹೋದಾಗಲೆಲ್ಲ "ಸರ್ವರ್ ಇಲ್ಲ, ನಾಳೆ ಬನ್ನಿ". ಕೂಲಿ ಬಿಟ್ಟು ಮೂರು ಮೂರು ಸಲ ಅಲೆದರು. ಹದಿನೈದು ಜನ ಬಂದು ತಮ್ಮ ಹೆಸರು ತೆಗೆಯಿರಿ ಅಂದರು. ಮನವಿಯ ಮೊದಲ ಪುಟದಲ್ಲೇ ಎಲ್ಲರ ಹೆಸರು ಬರೆಸಿದ್ದು ನಾನು. ಸಂಘದ ಹೆಸರಿನಲ್ಲಿ ಕೊಟ್ಟು ಸಹಿಯ ಹಾಳೆಯನ್ನು ನಮ್ಮ ಹತ್ತಿರ ಇಟ್ಟುಕೊಳ್ಳಬಹುದಿತ್ತು. ಆ ತಪ್ಪು ನನ್ನದು.

ಬೀಗ ಹಾಕೋಣ ಅಂದ ರಾತ್ರಿ

ಇದಾದ ಮೇಲೆ ಹುಡುಗರಿಗೆ ಸಿಟ್ಟು ನೆತ್ತಿಗೇರಿತು. ಒಂದು ರಾತ್ರಿ ಶಾಲೆಯ ಜಗುಲಿಯಲ್ಲಿ ಇಪ್ಪತ್ತೈದು ಮೂವತ್ತು ಜನ ಸೇರಿದರು. ಅಂಗಡಿಗೆ ಬೀಗ ಜಡಿಯೋಣ, ಲೋಡ್ ಬರುವ ದಿನ ಲಾರಿ ತಡೆಯೋಣ, ಮೂಟೆ ನಾವೇ ಇಳಿಸಿ ಹಂಚಿಬಿಡೋಣ. ಒಂದಿಬ್ಬರು ಕೈ ಮಾಡುವ ಮಾತನ್ನೂ ಆಡಿದರು.

ಕಾನೂನು ಓದುತ್ತಿದ್ದ ಒಬ್ಬ ಹುಡುಗ ಇದಕ್ಕೆ ಒಪ್ಪಲಿಲ್ಲ. 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಆಡಿದ ಮಾತನ್ನು ಎತ್ತಿದ. ಸಂವಿಧಾನದ ದಾರಿ ತೆರೆದಿರುವಾಗ ರಕ್ತದ ದಾರಿ ಮಾತ್ರ ಅಲ್ಲ, ಕಾನೂನು ಮುರಿಯುವುದು, ಅಸಹಕಾರ, ಸತ್ಯಾಗ್ರಹ ಇವನ್ನೂ ಬಿಡಬೇಕು ಅಂತ ಅವರು ಹೇಳಿದ್ದರು. ತಕ್ಷಣ ಇನ್ನೊಬ್ಬ, "ದಾರಿ ಎಲ್ಲಿ ತೆರೆದಿದೆ? ಅರ್ಜಿ ಕೊಟ್ಟಿದ್ದಕ್ಕೆ ನಮ್ಮ ಅಮ್ಮ ಮೂರು ದಿನ ಅಲೆದಿದ್ದಾಳೆ" ಅಂದ. ಇಬ್ಬರ ಮಾತೂ ನಿಜ. ಜಗುಲಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಅಜ್ಜ ಆಗ ಈಸೂರಿನ ವಿಷಯ ಎತ್ತಿದರು. ಶಿಕಾರಿಪುರ ತಾಲೂಕಿನ ಈಸೂರು 1942ರಲ್ಲಿ ತಾನು ಸ್ವತಂತ್ರ ಅಂತ ಸಾರಿಕೊಂಡ ಊರು. "ಏಸೂರ ಕೊಟ್ಟರೂ ಈಸೂರ ಕೊಡೆವು" ಅನ್ನುವ ಘೋಷಣೆ ನಮ್ಮಲ್ಲಿ ಶಾಲೆಯ ಮಕ್ಕಳಿಗೂ ಗೊತ್ತು. ಅದೇ ಸೆಪ್ಟೆಂಬರ್ 28ರಂದು ಅಮಲ್ದಾರರು ಪೊಲೀಸರನ್ನು ಕರೆದುಕೊಂಡು ಬಂದಾಗ ಗಲಾಟೆ ಕೈಮೀರಿತು. ಗುಂಡು ಹಾರಿತು, ಅಮಲ್ದಾರರು ಮತ್ತು ಒಬ್ಬ ಪೊಲೀಸ್ ಅಧಿಕಾರಿ ಸತ್ತರು. ಆಮೇಲೆ ಊರಿಗೆ ಪಡೆ ನುಗ್ಗಿತು, ಜನ ಮನೆ ಬಿಟ್ಟು ಕಾಡು ಸೇರಿದರು. 1943ರ ಮಾರ್ಚ್‌ನಲ್ಲಿ ಐದು ಜನರನ್ನು ಬೆಂಗಳೂರಿನ ಜೈಲಿನಲ್ಲಿ ಗಲ್ಲಿಗೇರಿಸಿದರು. ಅಜ್ಜ ಅವರನ್ನು ಹಗುರ ಮಾಡಿ ಮಾತಾಡಲಿಲ್ಲ. ಕೈ ಮುಗಿದೇ ಹೇಳಿದರು. "ಅವ್ರ ಎದುರಿಗಿದ್ದಿದ್ದು ಪರದೇಶದ ಸರ್ಕಾರ. ನಮ್ಮೆದುರಿಗಿರೋದು ನಮ್ಮ ಊರಿನ ಹುಡುಗ. ನೀವು ಒಂದು ಕಲ್ಲು ಎಸೆದ್ರೆ ನಾಳೆಯಿಂದ ಅಕ್ಕಿ ಮಾತು ಯಾರೂ ಆಡಲ್ಲ, ಕಲ್ಲಿನ ಮಾತೇ ಆಡ್ತಾರೆ. ನಮ್ಮಪ್ಪ ಗದ್ದೆಗೆ ಹೋಗ್ವಾಗ ನೇಗಿಲು ಹೊತ್ಕೊಂಡು ಹೋಗಿದ್ದು. ಕತ್ತಿ ಅಲ್ಲ. ನಾನು ಉಳೋನು ಅಂತ ತೋರಿಸ್ಬೇಕಿತ್ತು, ಅದಕ್ಕೆ."

ಆ ಕಾನೂನಿನ ಹುಡುಗ ಇದಕ್ಕೆ ಮಹಾರಾಷ್ಟ್ರದ ಮಹಾಡ್ ಊರಿನ ಕಥೆಯನ್ನು ಜೋಡಿಸಿದ. ಮಹಾಡಿನ ಚವದಾರ್ ಕೆರೆಯನ್ನು ಎಲ್ಲರಿಗೂ ತೆರೆಯಬೇಕು ಅಂತ ಅಲ್ಲಿನ ಪುರಸಭೆ 1924ರಲ್ಲೇ ನಿರ್ಣಯ ಮಾಡಿತ್ತು. ಕಾಗದದಲ್ಲಿ ಹಕ್ಕು ಇತ್ತು. ಆದರೆ ದಲಿತರು ಒಬ್ಬರೂ ಅಲ್ಲಿ ನೀರು ಮುಟ್ಟುವ ಹಾಗಿರಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರ ಜೊತೆ ನಡೆದುಹೋಗಿ ಬೊಗಸೆಯಲ್ಲಿ ನೀರು ಕುಡಿದರು. ಯಾವ ಕಾನೂನನ್ನೂ ಮುರಿಯಲಿಲ್ಲ. ಇದ್ದ ಹಕ್ಕನ್ನು ಕೈಯಾರೆ ಬಳಸಿದರು, ಅಷ್ಟೇ. ಅದಕ್ಕೇ ಅವರ ಮೇಲೆ ಹಲ್ಲೆ ಆಯಿತು. ಆ ಕೆರೆಯ ಮೊಕದ್ದಮೆ ಹೈಕೋರ್ಟಿನಲ್ಲಿ ಮುಗಿದದ್ದು 1937ರಲ್ಲಿ.

"ನೇಗಿಲು ಹೊತ್ತರು, ನೀರು ಕುಡಿದರು. ನಾವು ಏನು ಮಾಡಬಹುದು?" ಅಂತ ಯಾರೋ ಕೇಳಿದರು. ಅಕ್ಕ ಹೇಳಿದರು, "ತೂಗಬಹುದು."

ಅರಳಿಕಟ್ಟೆಯ ತಕ್ಕಡಿ

ಉಪಾಯ ಸರಳ. ಸೊಸೈಟಿಯಿಂದ ಐವತ್ತು ಹೆಜ್ಜೆ ದೂರದ ಅರಳಿಕಟ್ಟೆ ಮೇಲೆ ಒಂದು ತಕ್ಕಡಿ ಇಡುವುದು. ಅಕ್ಕಿ ತಗೊಂಡು ಬಂದವರು ಇಷ್ಟ ಇದ್ದರೆ ಅಲ್ಲಿ ತೂಗಿಸುವುದು. ಒಂದು ಪುಸ್ತಕದಲ್ಲಿ ದಿನ, ಎಷ್ಟು ಬರಬೇಕು, ಎಷ್ಟು ಬಂದಿದೆ, ಸಹಿ ಅಥವಾ ಹೆಬ್ಬೆಟ್ಟು. ಘೋಷಣೆ ಇಲ್ಲ, ಮೈಕ್ ಇಲ್ಲ, ಯಾರನ್ನೂ ಬೈಯುವ ಹಾಗಿಲ್ಲ. ಆಯುಧ ಇಲ್ಲದೆ ಶಾಂತಿಯಿಂದ ಸೇರುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಆದರೂ ಒಂದು ದಿನ ಮೊದಲೇ ಪಂಚಾಯಿತಿಗೂ ಠಾಣೆಗೂ ಪತ್ರ ಕೊಟ್ಟು ಸ್ವೀಕೃತಿ ತಗೊಂಡೆವು.

ಇಲ್ಲೊಂದು ಸೂಕ್ಷ್ಮ ಇತ್ತು, ಅದನ್ನು ಹಿಡಿದದ್ದೂ ಅಕ್ಕನೇ. ಮನೆಯ ಅಡಿಕೆ ತಕ್ಕಡಿ ತಂದಿಟ್ಟರೆ "ನಿಮ್ಮ ತಕ್ಕಡಿಯೇ ಸುಳ್ಳು" ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. ಹಾಗಾಗಿ ತೂಕ ಅಳತೆ ಇಲಾಖೆಯ ಮುದ್ರೆ ಆ ವರ್ಷವೇ ಬಿದ್ದಿದ್ದ ತಕ್ಕಡಿಯನ್ನು ಪರಿಚಯದ ವ್ಯಾಪಾರಿಯಿಂದ ಬಾಡಿಗೆಗೆ ತಂದರು, ಪರಿಶೀಲನೆಯ ಪ್ರಮಾಣಪತ್ರದ ನಕಲನ್ನು ಅದರ ಪಕ್ಕದಲ್ಲೇ ಅಂಟಿಸಿದರು. ಮೊದಲ ದಿನವೇ ಆ ಮಾತು ಬಂತು. ಅಕ್ಕ ಬೆರಳು ತೋರಿಸಿದರು. ಮಾತು ಅಲ್ಲಿಗೇ ನಿಂತಿತು.

ಅವತ್ತು ತೂಗಿಸಿದವರು 11 ಜನ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನದವರೆಗೆ ಕಟ್ಟೆ ಮೇಲೆ ಕೂತು, ಜನ ತಲೆ ತಗ್ಗಿಸಿ ಚೀಲ ಹೊತ್ತು ನಮ್ಮನ್ನು ದಾಟಿ ಹೋಗುವುದನ್ನು ನೋಡುವುದು ಕಷ್ಟ ಆಗುತ್ತಿತ್ತು. ಎರಡನೇ ದಿನ ಅಂಗಡಿಯವರ ಸ್ವಂತ ಸೋದರತ್ತೆ ಬಂದರು. ಎಪ್ಪತ್ತು ದಾಟಿದವರು, ಒಬ್ಬರೇ ಇರುವವರು. ಒಂದೇ ಬಕೆಟ್ಟಿನ ಅಕ್ಕಿ. ಚೀಲವನ್ನು ತಕ್ಕಡಿ ಮೇಲಿಟ್ಟು, "ಓದ್ರಾ, ನಂಗೆ ಕಾಣಲ್ಲ" ಅಂದರು. ಹುಡುಗಿ ಓದಿದಳು, 4 ಕೆಜಿ 420. ಅಜ್ಜಿ ಏನೂ ಅನ್ನಲಿಲ್ಲ. ಹೆಬ್ಬೆಟ್ಟು ಒತ್ತಿ, ಬೆರಳಿಗೆ ಹತ್ತಿದ ಮಸಿಯನ್ನು ಅರಳಿ ಎಲೆಯಲ್ಲಿ ಒರೆಸಿಕೊಂಡು ಮನೆಗೆ ಹೋದರು. ಅವರು ತೂಗಿಸಿದ್ದು ಗೊತ್ತಾದ ಮೇಲೆ ಜನ ಸಾಲು ನಿಂತರು. ಮೂರು ದಿನಕ್ಕೆ 137 ಮನೆ. ಒಂದು ಚೀಲದಲ್ಲೂ ಪೂರ್ತಿ ತೂಕ ಇರಲಿಲ್ಲ.

ಇದರ ಜೊತೆಗೇ ಮಾಹಿತಿ ಹಕ್ಕಿನ ಅರ್ಜಿಯೂ ಓಡುತ್ತಿತ್ತು. ಈ ಕಾನೂನಿನ ಬೇರು ಕೂಡ ಬಡವರ ಕೂಲಿ ಲೆಕ್ಕದಲ್ಲೇ ಇದೆ ಅನ್ನುವುದನ್ನು ನಾವು ಮರೆಯಬಾರದು. ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 1994ರಿಂದ ಜನಸುನವಾಯಿ, ಅಂದರೆ ಜನರೆದುರಿನ ಬಹಿರಂಗ ವಿಚಾರಣೆ, ನಡೆಸಿ ಕೂಲಿಯ ಹಾಜರಿ ಪಟ್ಟಿಯನ್ನು ಊರ ಮುಂದೆ ಜೋರಾಗಿ ಓದಿಸಿದರು. 1996ರಲ್ಲಿ ಬ್ಯಾವರ್ ಪಟ್ಟಣದಲ್ಲಿ 40 ದಿನ ಧರಣಿ ಕೂತರು. "ನಮ್ಮ ಹಣ, ನಮ್ಮ ಲೆಕ್ಕ" ಅನ್ನುವುದು ಅವರ ಘೋಷಣೆ. ಕರ್ನಾಟಕದಲ್ಲಿ 2000ದಲ್ಲೇ ಒಂದು ಮಾಹಿತಿ ಹಕ್ಕು ಕಾನೂನು ಆಯಿತು, ಇಡೀ ದೇಶಕ್ಕೆ ಬಂದದ್ದು 2005ರಲ್ಲಿ. ನಾವು ಕೇಳಿದ್ದು ಮೂರೇ: ಆರು ತಿಂಗಳ ದಾಸ್ತಾನು ಪುಸ್ತಕ, ತಪಾಸಣೆಯ ವರದಿ, ಅಂಗಡಿಯ ಮೇಲೆ ಕಣ್ಣಿಡಬೇಕಾದ ಜಾಗೃತಿ ಸಮಿತಿಯ ಸದಸ್ಯರ ಹೆಸರು ಮತ್ತು ನಡವಳಿ. 30 ದಿನಕ್ಕೆ ಉತ್ತರ ಬರಲಿಲ್ಲ. ಮೇಲ್ಮನವಿ ಹಾಕಿದ ಮೇಲೆ ಬಂತು.

ಜಾಗೃತಿ ಸಮಿತಿಯಲ್ಲಿ ಊರಿನ ಮೂವರು ಹೆಂಗಸರ ಹೆಸರಿತ್ತು. ಅಂಥ ಸಮಿತಿ ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಆರು ತಿಂಗಳೂ ಸಭೆ ನಡೆದಿದೆ, ಎಲ್ಲ ಸರಿ ಇದೆ ಅಂತ ಬರೆದಿತ್ತು. ಮೂವರಲ್ಲಿ ಒಬ್ಬರು ಅಕ್ಷರ ಕಲಿಯದವರು. ಅವರ ಹೆಸರಿನ ಮುಂದೆ ದುಂಡಗಿನ ಅಕ್ಷರದ ಸಹಿ. ಆ ಹಾಳೆಯನ್ನು ತೋರಿಸಿದಾಗ ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು, "ಇದು ನನ್ನ ಹೆಸರಾ? ಚಂದ ಇದೆ. ಬರೆದೋರು ಯಾರು?"

ಗ್ರಾಮಸಭೆ

ಗ್ರಾಮಸಭೆಯ ದಿನ ಪಿಯುಸಿ ಹುಡುಗಿ ತೂಕದ ಪುಸ್ತಕವನ್ನು ಪೂರ್ತಿ ಓದಿದಳು. 137 ಮನೆಯ ಲೆಕ್ಕ. ಹೆಸರು ಓದಲಿಲ್ಲ, ತೂಕ ಮಾತ್ರ. ಓದಿ ಮುಗಿಸಲು ಅರ್ಧ ಗಂಟೆ ಹಿಡಿಯಿತು, ಒಬ್ಬರೂ ಎದ್ದು ಹೋಗಲಿಲ್ಲ. ಆಮೇಲೆ ಅಂಗಡಿಯವರು ಎದ್ದು ನಿಂತರು. ಜಗಳ ಆಡುತ್ತಾರೆ ಅಂದುಕೊಂಡಿದ್ದೆವು. ಅವರು ಹೇಳಿದ್ದೇ ಬೇರೆ. "ನಂಗೆ ಬರೋ ಮೂಟೇಲೇ 50 ಇರಲ್ಲ. ಹಮಾಲಿ ನಾನೇ ಕೊಡ್ಬೇಕು. ಕಮಿಷನ್ ತಿಂಗಳುಗಟ್ಲೆ ಬರಲ್ಲ. ನಾನು ಯಾರಿಗೆ ಹೇಳ್ಲಿ?"

ಹುಡುಗರು ಗದ್ದಲ ಮಾಡಿದರು. ಅಜ್ಜ ಕೈ ಎತ್ತಿ ಸುಮ್ಮನಿರಿಸಿ, ಮುಂದಿನ ಲೋಡ್ ಬಂದಾಗ ಮೂಟೆ ತೂಗೋಣ ಅಂದರು. ಅಲ್ಲೇ ನಿರ್ಣಯ ಬರೆಸಿದರು. ಬಕೆಟ್ಟು ನಿಲ್ಲಬೇಕು, ಪ್ರತಿ ಚೀಟಿಗೂ ತಕ್ಕಡಿಯಲ್ಲೇ ತೂಗಬೇಕು, ಲೋಡ್ ಇಳಿಸುವಾಗ ಜಾಗೃತಿ ಸಮಿತಿಯವರು ಇರಬೇಕು, ಸಮಿತಿಯ ಹೆಸರು ಅಂಗಡಿ ಗೋಡೆ ಮೇಲೆ ಇರಬೇಕು.

ಮುಂದಿನ ತಿಂಗಳು ಲಾರಿ ಬಂದಾಗ ಹತ್ತು ಮೂಟೆ ಆರಿಸಿ ತೂಗಿದರು. 500 ಕೆಜಿ ಇರಬೇಕಿತ್ತು, ಇದ್ದದ್ದು 486. ಹುಡುಗಿ ಮತ್ತೆ ಲೆಕ್ಕ ಹಾಕಿದಳು. ಜನಕ್ಕೆ ಕಡಿಮೆಯಾಗುತ್ತಿದ್ದ ಅಕ್ಕಿಯಲ್ಲಿ ಸುಮಾರು ಕಾಲು ಭಾಗ ಅಂಗಡಿ ಬಾಗಿಲಿಗೆ ಬರುವ ಮೊದಲೇ ಹೋಗಿತ್ತು. ಮುಕ್ಕಾಲು ಭಾಗ ಅಂಗಡಿಯಲ್ಲಿ. ಅಂದರೆ ಅವರು ಪೂರ್ತಿ ಸುಳ್ಳು ಹೇಳಿರಲಿಲ್ಲ, ಪೂರ್ತಿ ನಿಜವನ್ನೂ ಹೇಳಿರಲಿಲ್ಲ. ಈ ಲೆಕ್ಕ ಸಿಗದೇ ಹೋಗಿದ್ದರೆ ಊರು ತನ್ನದೇ ಒಬ್ಬನನ್ನು ಹೊರಗೆ ಹಾಕಿ, ಮೇಲಿನವರನ್ನು ಹಾಗೇ ಬಿಟ್ಟು ಗೆದ್ದೆವು ಅಂದುಕೊಳ್ಳುತ್ತಿತ್ತು. ಎರಡನೇ ಮನವಿ ಹೋದದ್ದು ಜಿಲ್ಲೆಗೆ, ಆಹಾರ ಭದ್ರತಾ ಕಾಯ್ದೆಯಲ್ಲೇ ಹೇಳಿರುವ ಕುಂದುಕೊರತೆ ಅಧಿಕಾರಿಗೆ. ಅದರಲ್ಲಿ ಅಂಗಡಿಯವರ ಸಹಿಯೂ ಇತ್ತು.

ಏನು ದಕ್ಕಿತು, ಏನು ದಕ್ಕಲಿಲ್ಲ

ಬಕೆಟ್ಟು ಹೋಯಿತು. ತಕ್ಕಡಿ ಜನರ ಕಡೆ ಮುಖ ಮಾಡಿ ಕೂತಿತು. ಮೂಟೆಯ ತೂಕ ಎರಡು ಮೂರು ತಿಂಗಳಲ್ಲಿ ಸರಿಯಾಯಿತು. ಹಿಂದೆ ಕಳೆದುಕೊಂಡ ಅಕ್ಕಿ ಯಾರಿಗೂ ವಾಪಸ್ ಬರಲಿಲ್ಲ. ಸುಳ್ಳು ಸಹಿ ಹಾಕಿದವರು ಯಾರು ಅಂತ ಕೊನೆಗೂ ಹೊರಬೀಳಲಿಲ್ಲ. ಇದು ನನಗೆ ಇವತ್ತಿಗೂ ಬೇಜಾರಿನ ವಿಷಯ. ಸುಮಾರು ಎಂಟು ತಿಂಗಳ ಮೇಲೆ, ಕೊಯ್ಲಿನ ಗಡಿಬಿಡಿಯಲ್ಲಿ ಲೋಡ್ ಇಳಿಸುವಾಗ ಸಮಿತಿಯವರು ಹೋಗುವುದು ತಪ್ಪಿತು. ಆ ತಿಂಗಳೇ ಚೀಲದಲ್ಲಿ 300 ಗ್ರಾಂ ಕಡಿಮೆ ಬಂತು. ಅರಳಿಕಟ್ಟೆಯ ತಕ್ಕಡಿ ಮತ್ತೆ ಹೊರಗೆ ಬಂತು.

ಇದೇ ದಾರಿ ಹಿಡಿಯುವ ಊರಿನವರಿಗೆ ನನಗೆ ತೋಚಿದ್ದನ್ನು ಹೇಳುತ್ತೇನೆ. ಬೇರೆ ಬೇರೆ ಹೋಗಿ ಕೇಳಬೇಡಿ, ಒಬ್ಬರಿಗೆ ಮಾತ್ರ ಸಿಗುವ ನ್ಯಾಯಕ್ಕೆ ಒಪ್ಪಬೇಡಿ. ಅರ್ಜಿ ಕೊಡುವ ಮೊದಲು ಅರ್ಜಿ ಕೊಟ್ಟವರನ್ನು ಕಾಯುವುದು ಹೇಗೆ ಅಂತ ಯೋಚಿಸಿ, ನಾನು ಯೋಚಿಸಲಿಲ್ಲ. ನಿಮ್ಮ ತಕ್ಕಡಿಗೆ ಮುದ್ರೆ ಇರಲಿ, ನಿಮ್ಮ ಪುಸ್ತಕಕ್ಕೆ ದಿನಾಂಕ ಇರಲಿ. ಎದುರಿಗಿರುವವರ ಮಾತನ್ನು ಪೂರ್ತಿ ಕೇಳಿ, ಅದನ್ನೂ ತೂಗಿ ನೋಡಿ. ಮತ್ತೆ ನಿಮ್ಮ ಊರಿನ ಹಿರಿಯರನ್ನು ಕೇಳಿ. ಕಾಗೋಡು ಎಲ್ಲ ಕಡೆ ಇಲ್ಲದಿರಬಹುದು, ಆದರೆ ಅಳತೆಯ ಮೇಲೆ, ನೀರಿನ ಮೇಲೆ, ದಾರಿಯ ಮೇಲೆ ಯಾರಾದರೂ ಯಾವಾಗಲಾದರೂ ಎದ್ದು ನಿಂತಿರುತ್ತಾರೆ. ಅವರು ಹೇಗೆ ನಿಂತರು, ಎಲ್ಲಿ ಎಡವಿದರು ಅನ್ನುವುದು ಮನೆಯವರಿಗೆ ನೆನಪಿರುತ್ತದೆ. ಆ ರಾತ್ರಿ ಜಗುಲಿಯಲ್ಲಿ ಅಜ್ಜ ಇಲ್ಲದಿದ್ದರೆ ಬೀಗ ಬೀಳುತ್ತಿತ್ತು, ಬೆಳಗ್ಗೆ ಹತ್ತು ಹುಡುಗರ ಮೇಲೆ ಕೇಸು ಬೀಳುತ್ತಿತ್ತು.

ಮೊನ್ನೆ ಆ ಊರಿಗೆ ಹೋಗಿದ್ದೆ. ತೂಕದ ಪುಸ್ತಕ ಈಗ ಮೂರನೆಯದು. ಅದರಲ್ಲಿ ಒಂದು ಹೊಸ ಕಾಲಂ ಇದೆ. "ಬೆರಳು ಬರಲಿಲ್ಲ" ಅಂತ ಮೇಲೆ ಬರೆದಿದ್ದಾರೆ. ಗದ್ದೆ ಕೆಲಸ ಮಾಡಿ ಮಾಡಿ ಬೆರಳಿನ ಗೆರೆ ಸವೆದವರ ಹೆಬ್ಬೆಟ್ಟನ್ನು ಯಂತ್ರ ಓದುವುದಿಲ್ಲ. ಹಿಂದಿನ ತಿಂಗಳು ಹಾಗೆ ಬರಿಗೈಯಲ್ಲಿ ವಾಪಸ್ ಹೋದವರು ಆರು ಜನ. ಅವರಿಗೆ ಬೇರೆ ದಾರಿಯಲ್ಲಿ ಅಕ್ಕಿ ಕೊಡಬೇಕು ಅಂತ ಅಕ್ಕ ಅರ್ಜಿ ಬರೆಯುತ್ತಿದ್ದರು, ಈ ಸಲ ಸಂಘದ ಹೆಸರಿನಲ್ಲಿ. ಆರು ಹೆಸರಿನಲ್ಲಿ ನಾಲ್ಕನೆಯದು ಅಜ್ಜನದು.